ಹನ್ನೊಂದು ನಿಮಿಷದ ಬಿಳಿ ಅಕ್ಷರ

ಯಾವ ದಿನ ಯಾವ ಡ್ರೈವರ್ ಯಾವ ಬಸ್ಸು ಹತ್ತಬೇಕೆಂದು ಬರೆದು ಗೋಡೆಗೆ ಅಂಟಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದೇ ಕುರ್ಚಿ, ಅದೇ ಸರಳಿನ ಕಿಟಕಿ. ಹಾಗಾಗಿ ಬಸ್ ಡಿಪೋಗೆಲ್ಲ ಅವಳು ಡ್ಯೂಟಿಯಮ್ಮ. ರಜೆ ಕೇಳಲು ಬಂದವನ ಮುಖ ನೋಡಿದರೆ ಸಾಕು, ನಿಜಕ್ಕೂ ಜ್ವರವೋ, ಇಲ್ಲಾ ಭಾವಮೈದುನ ಊರಿಂದ ಬಂದಿದ್ದಾನೋ ಎಂದು ಹೇಳಿಬಿಡುತ್ತಿದ್ದಳು.

ಅವಳ ಗಂಡ ಪೈಲಟ್. ಹಾಗೆಂದರೆ ಜನ ಕಣ್ಣರಳಿಸುತ್ತಿದ್ದರು. ಅವನು ಓಡಿಸುತ್ತಿದ್ದುದು ಔಷಧಿ ಡಬ್ಬ, ಟಪಾಲು ಚೀಲ, ಯಂತ್ರದ ಬಿಡಿಭಾಗ ಹೊರುವ ಎರಡು ಎಂಜಿನ್ನಿನ ಹಳೇ ವಿಮಾನ. "ಹಾರೋ ಲಗೇಜ್ ಆಟೋ ಕಣೇ" ಎಂದು ತಾನೇ ನಗುತ್ತಿದ್ದ. ಆದರೆ ಮನುಷ್ಯ ಬಲು ಜಾಗರೂಕ. ಮನೆಗೆ ಬೀಗ ಹಾಕಿ ಎರಡು ಸಲ ಜಗ್ಗಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುವವನು.

"ವಿಮಾನದ ಬಾಗಿಲೂ ಹೀಗೇ ಜಗ್ತೀರಾ? ಮೇಲೆ ಹೋದ್ಮೇಲೆ ವಾಪಸ್ ಬರೋಕೆ ಮೆಟ್ಲಿರಲ್ಲ ನೋಡಿ" ಎಂದು ಅವಳು ಕಾಡಿಸುತ್ತಿದ್ದಳು.

"ಅಲ್ಲಿ ಪಟ್ಟಿ ಇರತ್ತೆ. ಒಂದೊಂದೇ ಓದಿ, ನೋಡಿ, ಬಾಯ್ಬಿಟ್ಟು ಹೇಳ್ಬೇಕು. ಮನೇಲಿ ಪಟ್ಟಿ ಇಲ್ವಲ್ಲ, ಅದಕ್ಕೇ ಭಯ."

ಅಂಥವನು ಒಂದು ಮೋಡದ ಬೆಳಿಗ್ಗೆ, ಪಕ್ಕದಲ್ಲಿ ಕೂತಿದ್ದ ಇಪ್ಪತ್ತಾರು ವರ್ಷದ ಸಹಪೈಲಟ್ ಸಮೇತ, ಬೆಟ್ಟಕ್ಕೆ ನೇರ ಹೋಗಿ ಹೊಡೆದ. ಇಬ್ಬರೂ ಉಳಿಯಲಿಲ್ಲ. ಆಸ್ಪತ್ರೆಯ ಹಿಂಬದಿಯ ಓಣಿಯಲ್ಲಿ ಸಹಪೈಲಟ್‌ನ ತಾಯಿ ಡ್ಯೂಟಿಯಮ್ಮನ ತೋಳು ಹಿಡಿದು ಅಲುಗಾಡಿಸಿ, "ನಿನ್ನ ಗಂಡ ನನ್ನ ಮಗನ್ನ ತಿಂದ್ಹಾಕಿದ" ಎಂದರು.

ವರ್ಷ ಕಳೆದ ಮೇಲೆ ತನಿಖೆಯ ವರದಿ ಬಂತು. ದಾರಿಗಡ್ಡ ಬಂದ ಮೋಡವನ್ನು ತಪ್ಪಿಸಲು ಪೈಲಟ್ ಬಲಕ್ಕೆ ಸರಿದರು, ಆಮೇಲೆ ನಿಗದಿತ ದಾರಿಗೆ ಮರಳಲಿಲ್ಲ, ತಿರುವು ತಪ್ಪಿತು, ಯಂತ್ರದಲ್ಲಿ ದೋಷ ಕಂಡುಬಂದಿಲ್ಲ. ಇಷ್ಟೇ. ಆದರೆ ಧ್ವನಿಮುದ್ರಣದ ಪುಟದಲ್ಲಿ ಅವನ ಮಾತು ಒಂದಿತ್ತು: "ನ್ಯಾವ್ ಒತ್ತಿದೀನಿ."

ಆ ವಾರವೇ ಸಹಪೈಲಟ್‌ನ ತಾಯಿಯ ಫೋನ್ ಬಂತು. ದನಿ ಬೇರೆಯಾಗಿತ್ತು.

"ಒತ್ತಿದೀನಿ ಅಂದಿದಾರಲ್ಲಮ್ಮ ನಿಮ್ಮ ಯಜಮಾನ್ರು. ಒತ್ತಿದ್ಮೇಲೆ ಮಿಷಿನ್ನು ಕೇಳ್ಬೇಕು ತಾನೇ? ಕೇಳ್ದೆ ಇದ್ರೆ ಅದು ಯಾರ ತಪ್ಪು?"

ಸತ್ತವರಿಗೆ ಬಾಯಿಲ್ಲ, ಯಂತ್ರ ಮಾಡಿದವರಿಗೆ ನೂರು ಬಾಯಿ. ಡ್ಯೂಟಿಯಮ್ಮನ ತಲೆಯೊಳಗೆ ಆ ಪ್ರಶ್ನೆ ಹುಳದಂತೆ ಕೊರೆಯತೊಡಗಿತು. ಕೊನೆಗೆ, ನ್ಯಾವ್ ಎಂದರೇನೆಂದು ತಾನೇ ತಿಳಿಯದೆ ಬಿಡುವುದಿಲ್ಲವೆಂದು ಹೊರಟಳು.

ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಸಿಮ್ಯುಲೇಟರ್, ಅಂದರೆ ವಿಮಾನದ ನಕಲಿ ಕಾಕ್‌ಪಿಟ್, ಬಾಡಿಗೆಗೆ ಕೊಡುವವನೊಬ್ಬನಿದ್ದ. ಹಿಂದೆ ಪೈಲಟ್ ಆಗಿದ್ದು, ಕಿವಿಯ ತೊಂದರೆಯಿಂದ ಲೈಸೆನ್ಸ್ ಹೋದ ಮೇಲೆ ಇದಕ್ಕೆ ಕೂತವನು. ಕಲಿಯಲು ಬಂದವರೆಲ್ಲ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಹಳೇ ಕಾರಿನ ಎರಡು ಸೀಟು, ಮೂರು ದೊಡ್ಡ ಪರದೆ, ಹಲಗೆಗೆ ಸ್ಕ್ರೂ ಹೊಡೆದ ಗುಂಡಿ, ತಿರುಪು, ಸನ್ನೆಕೋಲು. ಕೆಳಗಿನಿಂದ ರಬ್ಬರಿನ ಬಿಸಿ ವಾಸನೆ. ಅವಳು ಚೀಲದಿಂದ ವರದಿ ತೆಗೆದು ಕೊಟ್ಟಳು. ಮೇಷ್ಟ್ರು ನಿಂತಲ್ಲೇ ಓದಿದ, ಒಂದು ಪುಟವನ್ನು ಎರಡು ಸಲ.

"ಮೊದಲು ಕಲೀರಿ ಅಕ್ಕಾ. ಆಮೇಲೆ ಇದನ್ನ ನೋಡೋಣ" ಎಂದು ಹಿಂದಕ್ಕೆ ಕೊಟ್ಟ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳು ಆ ಸೀಟಿನಲ್ಲಿ. ಮೊದಮೊದಲು ತಲೆಬುಡ ತಿಳಿಯಲಿಲ್ಲ. ಎತ್ತರದ ತಿರುಪೆಂದು ದಿಕ್ಕಿನ ತಿರುಪು ತಿರುಗಿಸಿದಳು. ವಿಮಾನ ಗಾಣದ ಎತ್ತಿನ ಹಾಗೆ ಸುತ್ತಿತು. ಮೂರು ಸಲ ಸಮುದ್ರಕ್ಕೆ ಬಿದ್ದಳು. ಒಮ್ಮೆ ಆಟೋಪೈಲಟ್ ಹಾಕಿದ್ದನ್ನು ಮರೆತು ಸನ್ನೆಕೋಲಿನ ಜೊತೆ ಗುದ್ದಾಡಿ ಬೆವೆತಳು.

"ಅದರ ಜೊತೆ ಜಗಳಾಡ್ಬೇಡಿ ಅಕ್ಕಾ" ಎಂದು ಮೇಷ್ಟ್ರು ನಕ್ಕ. "ಆಟೋಪೈಲಟ್ ಅಂದ್ರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಆಳು. ಬುದ್ಧಿ ಇಲ್ಲ. ನಿಮಗೇನು ಬೇಕಿತ್ತು ಅಂತ ಅದು ಕೇಳಲ್ಲ, ಏನು ಹೇಳಿದ್ರಿ ಅಂತ ಮಾತ್ರ ನೋಡತ್ತೆ."

"ನಮ್ಮ ಡಿಪೋದಲ್ಲೂ ಅಂಥೋರು ನಾಲ್ಕು ಜನ ಇದಾರೆ."

ದಾರಿ ಬರೆಯುವುದು ಮಾತ್ರ ಅವಳಿಗೆ ಬೇಗ ಒಲಿಯಿತು. ಹೊರಡುವ ಮುಂಚೆ ಕಂಪ್ಯೂಟರಿಗೆ ಒಂದೊಂದೇ ಬಿಂದುವನ್ನು ಸಾಲಾಗಿ ತುಂಬಬೇಕು. ಬಸ್ಸಿನ ಸ್ಟಾಪು ಬರೆದ ಹಾಗೆ. ಬಿಂದು ಸೇರಿದ ಗೆರೆ ಪರದೆಯ ಮೇಲೆ ಮೂಡುತ್ತದೆ, ನ್ಯಾವ್ ಗುಂಡಿ ಒತ್ತಿದರೆ ವಿಮಾನ ಆ ಗೆರೆ ಹಿಡಿದು ತಾನೇ ಹೋಗುತ್ತದೆ. ಆರನೇ ತಿಂಗಳಲ್ಲಿ ಒಂದು ಭಾನುವಾರ ವಿಮಾನ ಐದು ಬಿಂದುಗಳನ್ನು ದಾಟಿ, ಪ್ರತಿ ತಿರುವಿನಲ್ಲೂ ಮೆತ್ತಗೆ ವಾಲಿ, ಸರಿಯಾಗಿ ರನ್‌ವೇ ಎದುರಿಗೆ ಬಂದಾಗ ಅವಳು ಚಪ್ಪಾಳೆ ತಟ್ಟಿಬಿಟ್ಟಳು. ಮರುಕ್ಷಣ ತಾನು ಯಾಕಾಗಿ ಬಂದವಳೆಂದು ನೆನಪಾಗಿ ನಾಚಿಕೆಯಾಯಿತು.

ಸಹಪೈಲಟ್‌ನ ತಾಯಿ ಪ್ರತಿ ಭಾನುವಾರ ಸಂಜೆ ಫೋನ್ ಮಾಡುತ್ತಿದ್ದರು. "ಎಲ್ಲಿಗೆ ಬಂತಮ್ಮ?" ಎನ್ನುತ್ತಿದ್ದರು. "ಇನ್ನೂ ಕಲೀತಿದೀನಮ್ಮ" ಎನ್ನುತ್ತಿದ್ದಳು ಇವಳು. ಅಷ್ಟರಲ್ಲಿ ಇಬ್ಬರಿಗೂ ಒಬ್ಬರಿಗೊಬ್ಬರ ದನಿ ಬೇಕಾಗಿತ್ತು. ಕಾಲುನೋವು, ನಲ್ಲಿನೀರು, ಪಕ್ಕದ ಮನೆಯ ನಾಯಿ ಎಲ್ಲವೂ ಬರುತ್ತಿತ್ತು.

ಆ ನಡುವೆ ಡಿಪೋದ ಒಂದು ಬಸ್ಸು ಅಂಗಡಿಯ ಗೋಡೆಗೆ ನುಗ್ಗಿತು. ಡ್ರೈವರ್ ಬಂದು, "ಬ್ರೇಕ್ ಒತ್ತಿದ್ದೆ ಡ್ಯೂಟಿಯಮ್ಮ, ಹಿಡೀಲಿಲ್ಲ" ಎಂದ. ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಅವಳು ಎಷ್ಟು ಬಾರಿ ಬರೆದುಕೊಂಡಿದ್ದಳೋ! ಒಮ್ಮೆಯೂ ನಂಬಿರಲಿಲ್ಲ. ಈ ಸಲ ಮಾತ್ರ ಪೆನ್ನು ಒತ್ತಿ ಬರೆದಳು, ಮ್ಯಾನೇಜರ್ ಮುಂದೆ ಅವನ ಪರ ವಾದ ಮಾಡಿದಳು. ಮರುದಿನ ವರ್ಕ್‌ಶಾಪಿನವರು ಬ್ರೇಕ್ ಸರಿಯಾಗಿಯೇ ಇದೆಯೆಂದು ಚೀಟಿ ಕಳಿಸಿದರು. ಆ ವಾರವೆಲ್ಲ ಅವಳು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಹದಿನಾಲ್ಕನೇ ತಿಂಗಳಲ್ಲಿ ಅವಳೇ ಕೇಳಿದಳು. "ಮೇಷ್ಟ್ರೇ, ಅವತ್ತಿನ ದಾರಿ ಹಾಕಿಕೊಡಿ."

ಅವನು ಮೀನಮೇಷ ಎಣಿಸಿದ. ಪರದೆ ಒರೆಸಿದ, ಕಿಟಕಿ ಮುಚ್ಚಿದ, ಕೊನೆಗೆ ಕೂತ. ವರದಿಯಲ್ಲಿದ್ದ ಬಿಂದುಗಳು, ಅದೇ ಎತ್ತರ, ಅದೇ ಮೋಡ. ಅವಳು ದಿಕ್ಕಿನ ತಿರುಪು ತಿರುಗಿಸಿ ಬಲಕ್ಕೆ ಸರಿದಳು. ಮೋಡ ಎಡಗಡೆ ಹಿಂದೆ ಉಳಿಯಿತು. ತಿರುಪನ್ನು ಮೊದಲಿನ ದಿಕ್ಕಿಗೇ ತಂದಳು, ವರದಿಯಲ್ಲಿ ಇದ್ದ ಹಾಗೆಯೇ. ನ್ಯಾವ್ ಗುಂಡಿ ಒತ್ತಿದಳು.

ಪರದೆಯ ಮೇಲ್ಭಾಗದಲ್ಲಿ ಎನ್, ಎ, ವಿ ಎಂಬ ಮೂರು ಪುಟ್ಟ ಇಂಗ್ಲಿಷ್ ಅಕ್ಷರ ಬಿಳಿಯಾಗಿ ಹೊತ್ತಿಕೊಂಡವು.

ಬಿಳಿ ಎಂದರೆ "ಕಾಯುತ್ತಿದ್ದೇನೆ". ಹಸಿರು ಎಂದರೆ "ಹಿಡಿದೆ". ಮೂರನೇ ವಾರದಲ್ಲೇ ಕಲಿತಿದ್ದಳು. ಗೆರೆಗೆ ಅಡ್ಡಲಾಗಿ ಹೋಗುತ್ತಿದ್ದರೆ ವಿಮಾನ ಅದನ್ನು ಮುಟ್ಟಿದ ಕೂಡಲೇ ಹಿಡಿಯುತ್ತದೆ, ಅಕ್ಷರ ಹಸಿರಾಗುತ್ತದೆ. ಆದರೆ ಈಗ ಗೆರೆ ಎಡಗಡೆ, ವಿಮಾನ ಬಲಗಡೆ, ಎರಡೂ ರೈಲಿನ ಹಳಿಗಳಂತೆ ಜೊತೆಜೊತೆಗೆ ನೇರ ಓಡುತ್ತಿದ್ದವು. ಹಳಿಗಳು ಎಲ್ಲಿ ಸೇರಬೇಕು?

ಅವಳು ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಎರಡು ನಿಮಿಷ. ಐದು. ಗೆರೆ ಎಡಕ್ಕೆ ತಿರುಗಿ ಹೊರಟುಹೋಯಿತು. ವಿಮಾನ ನೇರ ಹೋಯಿತು. ಅಕ್ಷರ ಬಿಳಿಯಾಗಿಯೇ ಇತ್ತು. ಹನ್ನೊಂದನೇ ನಿಮಿಷದಲ್ಲಿ ಮೋಡದೊಳಗೆ ಬೆಟ್ಟ ಹತ್ತಿರವೆಂದು ಯಂತ್ರದ ಎಚ್ಚರಿಕೆಯ ಕೂಗು ಕೇಳಿತು, ಏಳು ಸೆಕೆಂಡು. ಪರದೆ ಬೆಟ್ಟದ ಕಂದು ಬಣ್ಣಕ್ಕೆ ತಿರುಗಿ ನಿಂತಿತು.

"ಒತ್ತಿದಾರೆ" ಎಂದಳು.

"ಹೌದು ಅಕ್ಕಾ. ಒತ್ತಿದಾರೆ. ಹಿಡೀತಾ ಅಂತ ನೋಡಿಲ್ಲ."

"ಹನ್ನೊಂದು ನಿಮಿಷಾನಾ?"

ಮೇಷ್ಟ್ರು ಎದ್ದು ಕಿಟಕಿ ತೆರೆದ.

"ನಿಮಗೆ ಮೊದಲ ದಿನವೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಬಾಯ್ಬಿಡ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ? ಯಂತ್ರದೋರು ಇವನ ಬಾಯಿ ಮುಚ್ಚಿಸಿದಾರೆ ಅಂತಿದ್ರಿ."

ಅದು ನಿಜ. ಅವಳು ಮತ್ತೊಮ್ಮೆ ಅದನ್ನೇ ಹಾಕಿಸಿದಳು, ಆಮೇಲೆ ಮಗದೊಮ್ಮೆ. ಮೂರನೇ ಸಲ ತಿರುಪನ್ನು ಎಡಕ್ಕೆ ಸ್ವಲ್ಪವೇ, ಬೆರಳು ತಾಗಿದಷ್ಟೇ ತಿರುಗಿಸಿದಳು. ವಿಮಾನ ಗೆರೆಯ ಕಡೆ ವಾಲಿತು, ನಾಲ್ಕೇ ನಿಮಿಷಕ್ಕೆ ಅಕ್ಷರ ಹಸಿರಾಯಿತು. ಅಷ್ಟು ಸಾಕಾಗಿತ್ತು. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಆ ಸಂಜೆ ಬಂದ ಫೋನನ್ನು ಎತ್ತಲಿಲ್ಲ. ಮಾರನೇ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಸಹಪೈಲಟ್‌ನ ತಾಯಿಯ ಮನೆಗೇ ಹೋದಳು. ಅವರು ಬಟ್ಟೆ ಮಡಚುತ್ತಿದ್ದವರು ಇವಳ ಮುಖ ನೋಡಿ ನಿಲ್ಲಿಸಿದರು. ಇವಳು ಮೇಜಿನ ಮೇಲೆ ಎರಡು ಬೆರಳು ಜೊತೆಜೊತೆಗೆ ಸರಿಸಿ ತೋರಿಸಿ ಹೇಳಿದಳು.

"ಹಾಗಾದ್ರೆ ಮಿಷಿನ್ನು ಸರಿಯಾಗೇ ಇತ್ತು."

"ಇತ್ತಮ್ಮ."

ತಾಯಿ ಅವಳ ಬೆರಳುಗಳನ್ನೇ ನೋಡುತ್ತ, "ನನ್ನ ಮಗನೂ ಅಲ್ಲೇ ಕೂತಿದ್ನಲ್ಲ" ಎಂದರು. "ಅವನ ಕಣ್ಣಿಗೂ ಕಾಣ್ತಿತ್ತಾ ಆ ಅಕ್ಷರ?"

ಡ್ಯೂಟಿಯಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಬ್ಬರ ಮುಂದೂ ಒಂದೊಂದು ಪರದೆ ಇರತ್ತಮ್ಮ."

"ಏನ್ ಮಾಡ್ತಿದ್ರು ಅಷ್ಟು ಹೊತ್ತು ಇಬ್ಬರೂ?"

"ಮಾತಾಡ್ತಿದ್ರಂತೆ. ಕೆಲಸಕ್ಕೆ ಸಂಬಂಧ ಇಲ್ಲದ ಮಾತು ಅಂತ ವರದೀಲಿ ಬಿಟ್ಟಿದಾರೆ, ಏನಂತ ಬರೆದಿಲ್ಲ."

ತಾಯಿ ಮತ್ತೆ ಬಟ್ಟೆ ಮಡಚತೊಡಗಿದರು. "ನೀನು ಕಲೀದೇ ಇದ್ದಿದ್ರೆ ಚೆನ್ನಾಗಿತ್ತು" ಎಂದರು, ಬೈಗುಳದಂತಲ್ಲ, ಸುಮ್ಮನೆ. ಕುಡಿಯಲು ನೀರು ಕೊಟ್ಟರು. ಬಾಗಿಲವರೆಗೂ ಬಂದರು.

ಆಮೇಲೆ ಅವರ ಫೋನ್ ಬರಲಿಲ್ಲ. ಇವಳೇ ಎರಡು ಸಲ ಮಾಡಿದಾಗ ಅವರ ಮಗಳು ಎತ್ತಿ, "ಅಮ್ಮ ಮಲಗಿದಾರೆ" ಎಂದಳು. ಎರಡೂ ಸಲ ಸಂಜೆ ಐದು ಗಂಟೆ. ವಿಮಾನದೊಳಗಿನ ಆ ಮಾತುಕತೆಯ ಧ್ವನಿಮುದ್ರಣ ಕೇಳಿಸಿ ಎಂದು ಡ್ಯೂಟಿಯಮ್ಮ ತನಿಖಾ ಕಚೇರಿಗೆ ಅರ್ಜಿ ಬರೆದಳು. ನಿಯಮದಲ್ಲಿ ಅವಕಾಶವಿಲ್ಲವೆಂದು ಒಂದು ಸಾಲಿನ ಉತ್ತರ ಬಂತು. ಗಂಡ ಆಗ ಯಾವುದಕ್ಕೆ ನಗುತ್ತಿದ್ದನೋ, ಯಾರ ಸುದ್ದಿ ಹೇಳುತ್ತಿದ್ದನೋ, ಅದನ್ನು ಯಾವ ಗುಂಡಿ ಒತ್ತಿದರೂ ತಿಳಿಯುವ ಹಾಗಿರಲಿಲ್ಲ.

ಟಯರ್ ಅಂಗಡಿಯ ಕಡೆಗೆ ಅವಳು ಮತ್ತೆ ಹೋಗಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ ಭಾನುವಾರವೂ ಕೆಲಸ ಕೊಡಿ ಎಂದಳು.

"ವಾರಕ್ಕೊಂದು ರಜಾನಾದ್ರೂ ಬೇಡ್ವಾ ಡ್ಯೂಟಿಯಮ್ಮ?"

"ತಗೊಂಡು ಏನ್ ಮಾಡ್ಲಿ ಸಾರ್?"