ಕೊಳ್ಳುವ ಮೊದಲು ಅನ್ನೆಟ್ ಒಮ್ಮೆ ಓಡಿಸಬೇಕು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಲಂಡನ್ನಿನ ಪಾರ್ಕ್ ರಾಯಲ್‌ನ ಹಳೆ ಕಾರುಗಳ ಹರಾಜು ಅಂಗಳದಲ್ಲಿ ನವೆಂಬರ್ ಚಳಿಗೆ ಗಾಜುಗಳೆಲ್ಲ ಬೆಳ್ಳಗಾಗಿವೆ. ಅನ್ನೆಟ್ ಪಿಂಟೊ ಒಂದು ನೀಲಿ ಕಾರಿನೊಳಗೆ ಕೂತು ಕೀಲಿ ತಿರುಗಿಸಿ, ತಲೆ ವಾಲಿಸಿ ಕೇಳುತ್ತಾರೆ. ಆಮೇಲೆ ಅದನ್ನು ಹರಾಜಿನ ಶೆಡ್ಡಿನವರೆಗೆ ಓಡಿಸಿ, ಇಳಿದವರೇ ಮುಂದಿನ ಕಾರಿಗೆ ಹತ್ತುತ್ತಾರೆ. ಅವರ ಬಗ್ಗೆ ಬರೆಯಲು ಬಂದು ಹಿಂದೆ ಹಿಂದೆ ಓಡುವ ನನಗೆ ಹತ್ತೇ ನಿಮಿಷದಲ್ಲಿ ಯಾವ ಕಾರು ಒಳಗೆ ಹೋಯಿತು, ಯಾವುದು ಹೊರಗೆ ಬಂತು ಎಂಬುದೇ ತಿಳಿಯದಾಗುತ್ತದೆ.

"ನಾಲ್ಕನೆಯದ್ದು ಸ್ವಲ್ಪ ಕೆಮ್ತಾ ಇತ್ತು, ಕೇಳಿತಾ ನಿಮಗೆ?" ಎನ್ನುತ್ತಾರೆ. ನನಗೆ ಏನೂ ಕೇಳಿಸಿರಲಿಲ್ಲ.

ದಿನಕ್ಕೆ ಎಪ್ಪತ್ತು ಕಾರು, ವಾರಕ್ಕೆ ಐದು ದಿನ. 1997ರಿಂದ ಇದೇ ಕೆಲಸ, ಈಗ ಆರು ವರ್ಷ. ಒಂದೊಂದು ಕಾರಿನಲ್ಲಿ ಅವರು ಕೂರುವುದು ಎರಡೋ ಮೂರೋ ನಿಮಿಷ. ಕೊಳ್ಳುವವರು ಅವರ ಮುಖ ನೋಡುವುದಿಲ್ಲ, ಕಾರು ನೋಡುತ್ತಾರೆ. ಉಡುಪಿ ಕಡೆಯ ಕಲ್ಯಾಣಪುರದಲ್ಲಿ ಹುಟ್ಟಿದ ಅನ್ನೆಟ್‌ಗೆ ಈಗ ನಲವತ್ತೇಳು. ಮದುವೆಯಾಗಿ ವೆಂಬ್ಲಿಗೆ ಬಂದ ಹೊಸದರಲ್ಲಿ ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಡ್ರೈವಿಂಗ್ ಕಲಿತರು. ಮೂರು ಸಲ ಫೇಲಾಗಿ ನಾಲ್ಕನೇ ಸಲ ಪಾಸಾದರು. "ಆ ಪರೀಕ್ಷೆ ಮಾಡುವವನಿಗೇ ಪಾಪ ಬೇಜಾರು ಬಂದಿರಬೇಕು," ಎಂದು ನಗುತ್ತಾರೆ.

ಶನಿವಾರ ಅವರ ಇನ್ನೊಂದು ಕೆಲಸ. ಅದಕ್ಕೆ ಸಂಬಳವಿಲ್ಲ. ಲಂಡನ್ನಿಗೆ ಹೊಸದಾಗಿ ಬಂದ ನಮ್ಮ ಕಡೆಯವರು ಹಳೆ ಕಾರು ಕೊಳ್ಳುವ ಮುಂಚೆ ಅನ್ನೆಟ್‌ಗೆ ಫೋನು ಮಾಡುತ್ತಾರೆ. ಅವರು ಹೋಗಿ ಇಪ್ಪತ್ತು ನಿಮಿಷ ಓಡಿಸಿ, ಬೇಕು ಅಥವಾ ಬೇಡ ಎನ್ನುತ್ತಾರೆ.

ಕಳೆದ ತಿಂಗಳು ಅಂಥ ಒಂದು ಶನಿವಾರ ನಾನೂ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಕೊಳ್ಳಲು ಬಂದವರು ಬೆಂಗಳೂರಿನ ಅನಿರುದ್ಧ ಮತ್ತು ಸ್ಮೃತಿ. ಸೋಮವಾರದಿಂದ ಸ್ಮೃತಿಗೆ ಲಂಡನ್ನಿನಾಚೆಯ ಸ್ಲೌ ಊರಿನಲ್ಲಿ ಹೊಸ ಕೆಲಸ, ಮಗುವನ್ನು ನರ್ಸರಿಗೆ ಬಿಟ್ಟು ಬಸ್ಸಿನಲ್ಲಿ ಹೋದರೆ ಹೊತ್ತಿಗೆ ತಲುಪುವುದಿಲ್ಲ. ಕೆಂಟನ್ನಿನ ಒಂದು ಬೀದಿಯಲ್ಲಿ ಐದು ವರ್ಷದ ಬೆಳ್ಳಿ ಬಣ್ಣದ ಕಾರು ನಿಂತಿತ್ತು. ಮಾಲೀಕ ಮೃದು ಮಾತಿನ ಇಂಗ್ಲಿಷ್ ಮನುಷ್ಯ. ಕಾಗದಪತ್ರ ಎಲ್ಲ ಸರಿಯಿತ್ತು.

ಅನ್ನೆಟ್ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಬಿಸಿ ಇದ್ದರೆ, ಚಳಿಯಲ್ಲಿ ಸ್ಟಾರ್ಟ್ ಆಗದ ತೊಂದರೆ ಕಾಣದಿರಲೆಂದು ಮೊದಲೇ ಎಂಜಿನ್ ಓಡಿಸಿಟ್ಟಿದ್ದಾರೆ ಎಂದು ಅವರ ಅನುಮಾನ. ರೇಡಿಯೋ ಆಫ್ ಮಾಡಿಸಿದರು, ನಮ್ಮ ಬಾಯಿಯನ್ನೂ ಮುಚ್ಚಿಸಿದರು. ಉಬ್ಬುಗಳಿರುವ ಬೀದಿ, ಇಳಿಜಾರು, ಸೂಪರ್‌ಮಾರ್ಕೆಟ್ಟಿನ ಖಾಲಿ ಪಾರ್ಕಿಂಗ್ ಎಲ್ಲ ಮುಗಿಯಿತು. ನೇರ ರಸ್ತೆಯಲ್ಲಿ ಸ್ಟೀರಿಂಗನ್ನು ಬೆರಳ ತುದಿಯಲ್ಲಷ್ಟೇ ಹಿಡಿದರು. ಹಿಂದೆ ಬಂದು, ಅದೇ ರಸ್ತೆಯಲ್ಲಿ ಮತ್ತೆ ಹೋದರು. ಮೂರನೇ ಸಲವೂ ಹೋದರು. ನನಗಂತೂ ಕಾರು ಹೂವಿನಂತೆ ಹೋಗುತ್ತಿದೆ ಅನಿಸಿತು.

ಮಾಲೀಕನ ಮನೆ ಮುಂದೆ ನಿಲ್ಲಿಸಿ ಕೈ ಮಡಿಲಲ್ಲಿಟ್ಟುಕೊಂಡು ಕೂತರು. "ಗೊತ್ತಾಗುದಿಲ್ಲ," ಎಂದರು.

"ಏನು ಪ್ರಾಬ್ಲಂ ಹೇಳಿ ಆಂಟಿ," ಎಂದ ಅನಿರುದ್ಧ. "ಬ್ರೇಕಾ? ಗೇರಾ?"

"ಅದೇ ಗೊತ್ತಾಗುದಿಲ್ಲ ಮಾರಾಯ. ಬ್ರೇಕು ಸರಿ ಉಂಟು, ಗೇರು ಸರಿ ಉಂಟು. ಆದರೆ ಎದುರಿಗೆ ಒಂದು ಕಾರು, ನನ್ನ ಬೆನ್ನ ಹಿಂದೆ ಬೇರೆಯೇ ಕಾರು ಇದ್ದ ಹಾಗೆ ಆಗ್ತದೆ."

ಸ್ಮೃತಿಯ ಮುಖ ಸಣ್ಣಗಾಯಿತು. "ಸೋಮವಾರ ನಾನು ಹೋಗ್ಲೇಬೇಕು ಆಂಟಿ. ಇದು ಬಿಟ್ರೆ ಇಂಥದ್ದು ಸಿಗಲ್ಲ. ನಿಮಗೆ ಬರೀ ಹಾಗೆ ಅನ್ನಿಸ್ತಿರಬಹುದಲ್ವಾ?"

"ಇರಬಹುದು," ಎಂದರು ಅನ್ನೆಟ್. ಅವರ ದನಿಯಲ್ಲಿ ಹಟವಿರಲಿಲ್ಲ, ನಿಜವಾದ ಗೊಂದಲವಿತ್ತು. ಆಗ ಮಾಲೀಕನನ್ನು ಒಂದು ಉಪಕಾರ ಕೇಳಿದರು: ನೀವೇ ನೇರವಾಗಿ, ನಿಧಾನ ಓಡಿಸಿ, ನಾನು ಹೊರಗೆ ನಿಂತು ನೋಡುತ್ತೇನೆ.

ಬೆಳಗಿನ ಮಳೆಯ ನೀರು ಬೀದಿಗೆ ಅಡ್ಡವಾಗಿ ನಿಂತಿತ್ತು. ಅದರಾಚೆ ರಸ್ತೆ ಒಣಗಿತ್ತು. ಕಾರು ನೀರು ದಾಟಿ ಒಣ ಜಾಗಕ್ಕೆ ಹತ್ತಿತು. ಅನ್ನೆಟ್ ಬಗ್ಗಿ ನೋಡಿ, ನಮ್ಮನ್ನೂ ಕರೆದರು. ನೇರ ಹೋದ ಕಾರಿನ ಹಿಂದಿನ ಚಕ್ರ ಮುಂದಿನದರ ಗುರುತಿನ ಮೇಲೆಯೇ ಉರುಳಬೇಕು, ಎರಡೇ ಗೆರೆ ಬೀಳಬೇಕು. ಅಲ್ಲಿ ನಾಲ್ಕು ಗೆರೆ ಬಿದ್ದಿದ್ದವು. ಹಿಂದಿನ ಚಕ್ರಗಳು ಎರಡು ಬೆರಳಷ್ಟು ಪಕ್ಕಕ್ಕೆ ಸರಿದು ಬರುತ್ತಿದ್ದವು.

ಕಾರು ವಾಪಸು ಬಂದ ಮೇಲೆ ಮಾಲೀಕನನ್ನು ಕೇಳಿ, ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿದರು. ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಬೆರಳು ದಪ್ಪದ ವೆಲ್ಡಿಂಗ್ ಓಡಿತ್ತು. ಅಪಘಾತವಾದ ಎರಡು ಕಾರುಗಳಲ್ಲಿ ಒಂದರ ಮುಂಭಾಗ, ಇನ್ನೊಂದರ ಹಿಂಭಾಗ ಕತ್ತರಿಸಿ ಯಾರೋ ಬೆಸೆದಿದ್ದರು. ಜೋರಾಗಿ ಗುದ್ದಿದರೆ ನಡುವಿಗೆ ಎರಡು ತುಂಡಾಗಬಹುದಾದ ಕಾರು.

ಮಾಲೀಕ ಅದನ್ನೇ ನೋಡುತ್ತ ತನ್ನ ಮನೆಯ ಮುಂದಿನ ಮೋಟುಗೋಡೆಯ ಮೇಲೆ ಕೂತುಬಿಟ್ಟ. ಎರಡು ವರ್ಷದ ಹಿಂದೆ ತಾನೂ ಇನ್ನೊಬ್ಬರಿಂದ ಕೊಂಡದ್ದೇ ಎಂದ. "ನನ್ನ ಹುಡುಗಿಯರು ದಿನಾ ಇದರಲ್ಲೇ ಶಾಲೆಗೆ ಹೋಗುತ್ತಿದ್ದರು," ಎಂದು ಎರಡು ಸಲ ಹೇಳಿದ. ಅವನ ಮಾತು ನಿಜವೋ ನಾಟಕವೋ ನನಗೆ ತಿಳಿಯಲಿಲ್ಲ. ಬರುವಾಗ ಅನ್ನೆಟ್‌ರನ್ನು ಕೇಳಿದೆ. "ನನಗೂ ಗೊತ್ತಾಗ್ಲಿಲ್ಲ. ಕಾರು ಆದ್ರೆ ಓಡಿಸಿ ನೋಡಬಹುದು," ಎಂದರು.

ಮಾರನೇ ವಾರ ಆ ಮನುಷ್ಯನೇ ಅನ್ನೆಟ್‌ಗೆ ಫೋನು ಮಾಡಿ, ಕಾರನ್ನು ಪೊಲೀಸರಿಗೆ ಒಪ್ಪಿಸಿದ್ದಾಗಿ ಹೇಳಿದನಂತೆ. ಸ್ಮೃತಿ ಎರಡು ವಾರ ಬಸ್ಸು, ರೈಲು ಹಿಡಿದು, ದಿನಾ ತಡವಾಗಿ ಹೋಗಿ ಬೈಸಿಕೊಂಡಳು. ಆಮೇಲೆ ಅನ್ನೆಟ್ ಓಡಿಸಿ ಒಪ್ಪಿದ ಒಂದು ಹಸಿರು ಕಾರು ಕೊಂಡಳು. ನೋಡಲು ಚೆನ್ನಾಗಿಲ್ಲ, ಆದರೆ ಎರಡೇ ಗೆರೆ ಬೀಳುತ್ತವೆ.

ಹರಾಜು ಅಂಗಳದ ಟೀ ವಿರಾಮದಲ್ಲಿ, ಬಿಡುವಿನ ದಿನವನ್ನೂ ಯಾಕೆ ಇದಕ್ಕೇ ಕೊಡುತ್ತೀರಿ ಎಂದು ಕೇಳುತ್ತೇನೆ. ಅವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮನ ಕಥೆ ಹೇಳುತ್ತಾರೆ.

1996ರಲ್ಲಿ ಅವರ ತಮ್ಮ ಲಿಯೋನ್ ಈಲಿಂಗ್ ರೋಡಿನ ಅಂಗಡಿಯೊಂದರ ಗಾಜಿಗೆ ಅಂಟಿಸಿದ್ದ ಚೀಟಿ ನೋಡಿ ಒಂದು ಕಾರು ಕೊಂಡ. ನಿನಗೆ ಇನ್ಶೂರೆನ್ಸ್ ಇಲ್ಲ ಎಂದು ಮಾರುವವನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ್ದ. ಅಷ್ಟಕ್ಕೇ ಲಿಯೋನ್ ಒಪ್ಪಿದ. ಮೂರನೇ ದಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆದು ಕಬ್ಬಿಣದ ತಡೆಗೆ ಬಡಿಯಿತು. ಪಕ್ಕದಲ್ಲಿದ್ದ ಅವನ ಹೆಂಡತಿ ಸುಜಾನ್‌ಳ ಕಾಲು ಎರಡು ಕಡೆ ಮುರಿಯಿತು. ಅವಳು ಇವತ್ತಿಗೂ ಕುಂಟುತ್ತಾಳೆ. ಯಾರೂ ಪರೀಕ್ಷೆ ಮಾಡುವ ಮೊದಲೇ ಕಾರು ಗುಜರಿಗೆ ಹೋಗಿತ್ತು.

"ಕಾರು ತಾನಾಗಿ ಎಳೀತು ಅಂತ ಲಿಯೋನ್ ಒಂದು ದಿನ ಹೇಳ್ತಾನೆ. ಇಲ್ಲ ಅಕ್ಕ, ನನ್ನ ಕೈಯೇ ತಿರುಗಿಸಿತೋ ಏನೋ ಅಂತ ಇನ್ನೊಂದು ದಿನ ಹೇಳ್ತಾನೆ. ಸುಜಾನ್ ಒಂದು ಮಾತು ಅಂದವಳಲ್ಲ. ಆದ್ರೂ ಏಳು ವರ್ಷ ಆಯ್ತು, ಅವನು ಸ್ಟೀರಿಂಗ್ ಮುಟ್ಲಿಲ್ಲ."

ಸ್ಯಾಂಡ್‌ವಿಚ್ ಕಾರ್ಖಾನೆ ಬಿಟ್ಟು ಅನ್ನೆಟ್ ಈ ಅಂಗಳಕ್ಕೆ ಬಂದದ್ದು ಅದರ ಮರುವರ್ಷ.

ಶೆಡ್ಡಿನ ಗಂಟೆ ಹೊಡೆಯುತ್ತದೆ. ಅನ್ನೆಟ್ ಕಪ್ಪು ತೊಳೆದಿಟ್ಟು ಕೈಗವಸು ಹಾಕಿಕೊಳ್ಳುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ.

"ಆ ಕಾರನ್ನು ಒಂದು ಸಲ ಓಡಿಸಿ ನೋಡಬೇಕಿತ್ತು," ಎನ್ನುತ್ತಾರೆ. "ಈ ಬೀದಿಯಿಂದ ಆ ಬೀದಿಗೆ, ಅಷ್ಟೇ. ಕಾರಿನ ತಪ್ಪು ಅಂತಲೋ ನಿನ್ನ ತಪ್ಪು ಅಂತಲೋ, ತಮ್ಮನಿಗೆ ಒಂದು ಉತ್ತರ ಕೊಡ್ತಿದ್ದೆ."