ಜ್ಯೂರಿಯಿಂದ ಎಬ್ಬಿಸಿದ ಕಂಠಪ್ಪ

ಮೈಸೂರಿನ ಸೆಷನ್ಸ್ ಕೋರ್ಟಿಗೆ ಜ್ಯೂರಿಯಾಗಿ ಬರಬೇಕೆಂದು ಬೆಟ್ಟದಪುರದ ಕಂಠಪ್ಪನಿಗೆ ಸಮನ್ಸು ಬಂದದ್ದು ೧೯೫೪ರ ಮಾಗಿಯಲ್ಲಿ. ನನ್ನ ಓರಗೆಯವನು, ಹೊಗೆಸೊಪ್ಪು ಬೆಳೆಯುವವನು. ಆ ಕಾಗದವನ್ನು ಊರಿಗೆಲ್ಲ ತೋರಿಸಿಕೊಂಡು ತಿರುಗಿದ ಪುಣ್ಯಾತ್ಮ. ಕಂದಾಯ ಕಟ್ಟುವ, ನಾಲ್ಕಕ್ಷರ ಬಲ್ಲ ಗಂಡಸರ ಹೆಸರು ಮಾತ್ರ ಜ್ಯೂರಿ ಪಟ್ಟಿಗೆ ಸೇರುತ್ತಿತ್ತು.

"ಮನೇಲಿ ಜಗಳ ಆದ್ರೆ ತೀರ್ಸೋಳು ನಾನು, ಕೋರ್ಟಿಗೆ ಮಾತ್ರ ನೀವಾ?" ಎಂದು ಹೆಂಡತಿ ಗುರುಶಾಂತಮ್ಮ ಚುಚ್ಚಿದಳು. ಕಂಠಪ್ಪ ಕೇಳಿಸದವನಂತೆ ರುಮಾಲು ಸುತ್ತಿಕೊಂಡು ಬಸ್ಸು ಹತ್ತಿದ.

ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದವನನ್ನು ಕಂಡ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಎನ್. ಬೇಗೂರಿನಾಚೆಯ ಕಾಡಂಚಿನ ಬುಡಕಟ್ಟು ಹಾಡಿಯವನು, ಕುಳ್ಳ ಎಂಬ ಹೆಸರಿನ ಜೇನುಕುರುಬ. ಎರಡು ಹಂಗಾಮು ಕಂಠಪ್ಪನ ಹೊಲದಲ್ಲೇ ಸೊಪ್ಪು ಮುರಿದಿದ್ದ. ಮರದ ಗುತ್ತಿಗೆದಾರನ ಮೇಸ್ತ್ರಿಯನ್ನು ಕಡಿದು ಕೊಂದ ಎಂಬುದು ಅವನ ಮೇಲಿನ ಆಪಾದನೆ. ಜ್ಯೂರಿ ಹೌದೆಂದರೆ ನೇಣು.

"ಆರೋಪಿಯ ಪರಿಚಯ ನಿಮ್ಮಲ್ಲಿ ಯಾರಿಗಾದರೂ ಇದೆಯೇ?" ಎಂದು ಜಡ್ಜು ಕೇಳಿದರು.

ಸುಮ್ಮನಿದ್ದರೆ ಬೆಂಚಿನಲ್ಲೇ ಉಳಿದು ಆ ಪಾಪದವನ ಪರ ಒಂದು ಮಾತಾದರೂ ಆಡಬಹುದಿತ್ತು. ಆದರೆ ಕಂಠಪ್ಪನ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಅದನ್ನು ಮುಟ್ಟಿಕೊಂಡು ಸುಳ್ಳು ಹೇಳುವ ಜಾಯಮಾನ ಅವನದಲ್ಲ.

"ನಂಗೊತ್ತು ಸ್ವಾಮಿ. ನಮ್ಮೊಲ್ದಲ್ಲಿ ಕೂಲಿ ಮಾಡಿದ್ದ."

ಸರ್ಕಾರಿ ವಕೀಲರು ತಕ್ಷಣ ಆಕ್ಷೇಪಣೆ ಎತ್ತಿದರು. ಕಂಠಪ್ಪನನ್ನು ಎಬ್ಬಿಸಿ, ಅದೇ ಜಾಗಕ್ಕೆ ಕುಳ್ಳನ ಮುಖವನ್ನೇ ಕಂಡಿರದ ಹುಣಸೂರಿನ ಒಬ್ಬ ಜವಳಿ ವ್ಯಾಪಾರಿಯನ್ನು ಕೂರಿಸಿದರು. ಗೊತ್ತಿರುವವನು ಬೇಡ, ಗೊತ್ತಿಲ್ಲದವನೇ ಬೇಕು! ಕಾನೂನಿಗೆ ಅದರದೇ ಕಾರಣವಿರಬಹುದು. ನನಗಂತೂ ಇವತ್ತಿಗೂ ಸಿಟ್ಟು ಬರುತ್ತದೆ.

ಕಂಠಪ್ಪ ಊರಿಗೆ ವಾಪಸಾಗಬಹುದಿತ್ತು. ಕಾಲು ಬರಲಿಲ್ಲ. ಜನರ ನಡುವೆ ಹಿಂದಿನ ಬೆಂಚಿನಲ್ಲಿ ಕೂತ.

ಕೊಲೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಕುಳ್ಳನಿಗೂ ಮೇಸ್ತ್ರಿಗೂ ಹಿಂದೊಮ್ಮೆ ಮಾತಿಗೆ ಮಾತು ಬೆಳೆದಿತ್ತು, ಅಷ್ಟೆ. ಇನ್ನೊಂದು, ಹೆಣ ಸಿಕ್ಕಿದ ಬೆಳಿಗ್ಗೆ ಕುಳ್ಳನ ಗುಡಿಸಲು ಖಾಲಿಯಾಗಿತ್ತು. ಮಡಕೆ ಕುಡಿಕೆಯನ್ನೂ ಬಿಟ್ಟು ಮನೆಮಂದಿಯೆಲ್ಲ ಹೊರಟುಹೋಗಿದ್ದರು.

"ತಪ್ಪು ಮಾಡದವನು ಯಾಕೆ ಓಡಬೇಕು?" ಎಂದರು ಸರ್ಕಾರಿ ವಕೀಲರು.

"ಹಿಂದಿನ ದಿನ ಅವ್ವ ಸತ್ಲು ಬುದ್ಧಿ. ಅದ್ಕೆ ಗುಡ್ಲು ಬುಟ್ಬುಟ್ಟೊ," ಎಂದ ಕುಳ್ಳ.

"ತಾಯಿ ಸತ್ತ ಜಾಗದಲ್ಲಿ ದೀಪ ಹಚ್ಚುವುದು ಬಿಟ್ಟು, ಮಾರನೇ ದಿನವೇ ಮನೆ ತೊರೆಯುವ ಮಗ ಎಲ್ಲಾದರೂ ಉಂಟೇ?"

ಜ್ಯೂರಿಯವರು ತಲೆಯಾಡಿಸಿದರು. ಎಲ್ಲರೂ ಹೆಂಚಿನ ಮನೆಯವರು. ಸತ್ತವರ ಮನೆಯಲ್ಲೇ ಕೂತು ತಿಥಿ ಮಾಡುವವರು.

ಕಂಠಪ್ಪ ತಡೆಯಲಾರದೆ ಎದ್ದುನಿಂತ. "ಸುಳ್ಳಲ್ಲ ಸ್ವಾಮಿ! ಅದು ಅವರ ಪದ್ಧತಿ!"

"ಇನ್ನೊಂದು ಮಾತಾಡಿದರೆ ಹೊರಗೆ ಹಾಕಿಸುತ್ತೇನೆ," ಎಂದು ಜಡ್ಜು ಗದರಿದರು. ಜವಾನ ಹೆಗಲು ಅದುಮಿ ಕೂರಿಸಿದ. ಕಟಕಟೆಯಿಂದ ಕುಳ್ಳ ಇವನನ್ನೇ ನೋಡುತ್ತಿದ್ದ.

ಮಧ್ಯಾಹ್ನ ಊಟದ ಹೊತ್ತಿಗೆ ಕಂಠಪ್ಪ ಕುಳ್ಳನ ವಕೀಲನನ್ನು ಹಿಡಿದ. ಪೇಟೆಯ ಎಳೆಯ ಹುಡುಗ, ಹಾಡಿಯ ಕಡೆ ತಲೆಹಾಕಿದವನಲ್ಲ. ವಿಷಯ ಕೇಳಿ ಜಡ್ಜರ ಮುಂದೆ ಅರ್ಜಿ ಇಟ್ಟ. ಜಡ್ಜು ಒಪ್ಪಿದರು. ಜ್ಯೂರಿಗೆ ಆಗದವನು ಸಾಕ್ಷಿಗೆ ಆದ.

"ನಿಮ್ಮ ಆಳು, ಅದಕ್ಕೇ ಈ ವಕಾಲತ್ತು, ಅಲ್ಲವೇ?" ಎಂದರು ಸರ್ಕಾರಿ ವಕೀಲರು.

"ಇವನ್ನ ಕಳ್ಳ ಅಂದೋನು ನಾನು ಸ್ವಾಮಿ," ಎಂದ ಕಂಠಪ್ಪ. "ನಮ್ಮೊಲದ ಗುಡ್ಲಲ್ಲಿ ಇವನ ಮಗು ತೀರ್ಕೊಂತು. ಬೆಳಿಗ್ಗೆ ಓಗಿ ನೋಡುದ್ರೆ ಒಬ್ರೂ ಇಲ್ಲ. ಏನೋ ಕದ್ಕೊಂಡು ಓಡವ್ರೆ ಅಂತ ಬಯ್ಕೊಂಡು ಉಡುಕಿದೆ. ಒಂದು ಕೂಗಳತೆ ದೂರದಲ್ಲಿ ಹೊಸ ಗುಡ್ಲು ಆಕ್ಕೊಂಡು ಕುಂತಿದ್ರು. ಸಾವಾದ ಗುಡ್ಲಲ್ಲಿ ಅವರು ಇರಾಕಿಲ್ಲ. ಒಂದು ಕುಡ್ಲೂ ಕದ್ದಿರ್ಲಿಲ್ಲ. ಮಗು ಓಗಿ ಅಳ್ತಿದ್ದೋರ ಮುಂದೆ ನಿಂತ್ಕೊಂಡು ಬಯ್ದಿದ್ದೆ ಸ್ವಾಮಿ ನಾನು."

ಜ್ಯೂರಿಯವರು ಎದ್ದು ಪಕ್ಕದ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಒಂದು ಗಂಟೆಯಾಯಿತು, ಎರಡಾಯಿತು. ಕಂಠಪ್ಪ ನೀರು ಕುಡಿಯಲೂ ಏಳಲಿಲ್ಲ. ಕೊನೆಗೆ ಅವರು ಹೊರಬಂದು, ಆರೋಪಿ ನಿರ್ದೋಷಿ ಎಂದರು.

ಜಗುಲಿಯಲ್ಲಿ ಕುಳ್ಳ ಸಿಕ್ಕಿದ. ಕೈ ಮುಗಿಯುತ್ತಾನೆ ಎಂದುಕೊಂಡು ಕಂಠಪ್ಪ ರುಮಾಲು ಸರಿಮಾಡಿಕೊಂಡ. ಕುಳ್ಳ ಕೈ ಮುಗಿದ. ಆಮೇಲೆ ಕೋರ್ಟಿನ ಬಾಗಿಲ ಕಡೆ ನೋಡಿ ಮೆಲ್ಲಗೆ ಕೇಳಿದ:

"ಆ ಬೆಂಚಲ್ಲಿ ನಮ್ಮೋನು ಒಬ್ಬ ಕುಂತಿದ್ರೆ, ನೀವು ಇಷ್ಟೆಲ್ಲ ಯೋಳೋದೇ ಬ್ಯಾಡವಾಗಿತ್ತು. ಅಲ್ವಾ ಬುದ್ಧಿ?"

ಕಂಠಪ್ಪ ಆಗಷ್ಟೇ ಸರಿಮಾಡಿಕೊಂಡಿದ್ದ ರುಮಾಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಮರುವರ್ಷ ಮತ್ತೆ ಸಮನ್ಸು ಬಂತು. ಈ ಸಲ ಅವನು ಅದನ್ನು ಯಾರಿಗೂ ತೋರಿಸಲಿಲ್ಲ.