ನಬವಿಯಾಳ ಮಿಶ್ ಗಡಿಗೆ

ನನ್ನ ಅತ್ತೆ ನಬವಿಯಾಗೆ ಕೂತಲ್ಲಿ ಕೂರಲಾಗದ ಸಂಕಟ ಶುರುವಾದದ್ದು ಮಾವ ಖಲಫ್ ಕಬ್ಬಿನ ಗದ್ದೆಯಲ್ಲಿ ತಲೆ ತಿರುಗಿ ಬಿದ್ದ ದಿನದಿಂದ. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಇಹ್ಸಾನ್ ಪಟ್ಟಣದವರು. ತೋಳಿಗೆ ಪಟ್ಟಿ ಬಿಗಿದು ನೋಡಿ, "ರಕ್ತದೊತ್ತಡ ವಿಪರೀತ ಇದೆ. ಉಪ್ಪು ಬಿಡಿಸಿ. ಇಲ್ಲಾಂದ್ರೆ ಇನ್ನೊಂದ್ಸಲ ಬಿದ್ದವರು ಏಳಲ್ಲ," ಅಂದುಬಿಟ್ಟರು.

ಅತ್ತೆ ಬಿಟ್ಟಳೆಂದರೆ ಬಿಟ್ಟಳು. ಉಪ್ಪಿನ ಡಬ್ಬಿ ಅಡುಗೆಮನೆಯಿಂದಲೇ ಹೊರಬಿತ್ತು. ಸೊಪ್ಪಿನ ಸಾರು ಸಪ್ಪೆ, ಬೇಳೆ ಸಪ್ಪೆ, ರೊಟ್ಟಿಯೂ ಸಪ್ಪೆ. ನನ್ನ ಗಂಡ ಮುಖ ಸಿಂಡರಿಸಿದರೆ, "ನಿನಗೆ ಅಪ್ಪ ಬೇಕೋ, ಉಪ್ಪು ಬೇಕೋ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಾವ ಒಂದಿಷ್ಟು ಕಣ್ಣು ಮುಚ್ಚಿದರೆ ಸಾಕು, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು.

"ಇನ್ನೂ ಸತ್ತಿಲ್ಲ ಕಣೇ, ಹೋಗತ್ಲಾಗೆ!" ಎಂದು ಮಾವ ಕಣ್ಣು ಬಿಡದೆಯೇ ರೇಗುತ್ತಿದ್ದ.

ಸಪ್ಪೆ ಊಟ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೇ ಅತ್ತೆ ಪಕ್ಕದಲ್ಲಿ ಮಿಶ್ ಬಡಿಸುತ್ತಿದ್ದಳು, ಗಡಿಗೆಯಲ್ಲಿ ಮೆಣಸಿನಕಾಯಿ ಜೊತೆ ವರ್ಷಗಟ್ಟಲೆ ಹಣ್ಣಾದ ಕಂದು ಚೀಸು. ಅದರ ಹೆಪ್ಪು ಅವಳು ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಗಡಿಗೆ ಒಮ್ಮೆಯೂ ಬರಿದಾಗಿಲ್ಲ. ಊರಿನಲ್ಲಿ ಯಾವ ಹುಡುಗಿ ಹೊಸ ಸಂಸಾರ ಹೂಡಿದರೂ ಈ ಗಡಿಗೆಯಿಂದಲೇ ಒಂದು ಬಟ್ಟಲು ಒಯ್ಯಬೇಕು. ಆಗ ಅತ್ತೆಯ ಜಂಬ ನೋಡಬೇಕಿತ್ತು.

ಒತ್ತಡ ಇಳಿಯಲಿಲ್ಲ, ಏರಿತು. ಮಾವನ ಎಡಗೈ ಆಗಾಗ ಮರಗಟ್ಟತೊಡಗಿತು. ಅತ್ತೆ ನನ್ನ ಮೇಲೆ ಹರಿಹಾಯ್ದಳು: "ಕದ್ದು ಉಪ್ಪು ಹಾಕ್ತಿದೀಯೇನೇ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಕಣ್ಣೆದುರಿಗೇ ಅಡುಗೆ ಮಾಡ್ತೀನಲ್ಲ!" ಎಂದು ಸೌಟು ಎಸೆದೆ.

ವಯಸ್ಸಾದವರ ಊಟದ ಬಗ್ಗೆ ಕೇಂದ್ರದಲ್ಲಿ ಪಾಠವಿದ್ದ ದಿನ, ಡಾಕ್ಟರಮ್ಮ ಇನ್ನೂ ಒಳ್ಳೆಯ ಔಷಧಿ ಕೊಟ್ಟಾರೆಂದು ಅತ್ತೆ ನನ್ನನ್ನೂ ಕರೆದುಕೊಂಡು ಬಟ್ಟಲು ತುಂಬ ಮಿಶ್, ಜೊತೆಗೆ ರೊಟ್ಟಿ ಒಯ್ದಳು. ಗೋಡೆಯ ಚಿತ್ರದಲ್ಲಿ ಉಪ್ಪಿನ ಪೊಟ್ಟಣಕ್ಕೆ ಕೆಂಪು ಗೀಟು ಎಳೆದಿದ್ದರು. ಮಿಶ್ ಹೆಸರನ್ನು ಯಾರೂ ಎತ್ತಲಿಲ್ಲ. ಪಾಠ ಮುಗಿದ ಮೇಲೆ ಇಹ್ಸಾನ್ ರೊಟ್ಟಿಯ ಚೂರು ಅದ್ದಿ ಬಾಯಿಗಿಟ್ಟವರೇ ನೀರಿಗೆ ಕೈಚಾಚಿದರು.

"ಇದನ್ನ ಖಲಫ್ ತಿಂತಾರಾ?"

"ಮೂರು ಹೊತ್ತೂ! ಇದಿಲ್ದೆ ತುತ್ತೇ ಇಳಿಯಲ್ಲ."

"ಅಮ್ಮಾ, ಇದು ಬರೀ ಉಪ್ಪು!"

"ಉಪ್ಪಲ್ಲ ಡಾಕ್ಟರಮ್ಮಾ, ಮಿಶ್. ನಮ್ಮಮ್ಮನ ಕಾಲದ್ದು."

"ಗಡಿಗೆಗೆ ಉಪ್ಪು ಹಾಕೋರು ಯಾರು?"

ಅತ್ತೆ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. "ನಾನೇ," ಅಂದಳು. "ಅಯ್ಯೋ ದೇವರೇ, ಹಿಡಿಹಿಡಿ ಹಾಕಿದ್ದು ನಾನೇ." ಬೆಂಚಿನ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಮನೆಗೆ ಬಂದವಳೇ ಗಡಿಗೆಯ ಬಾಯಿಗೆ ನೈಲ್ ದಂಡೆಯ ಮಣ್ಣು ಮೆತ್ತಿದಳು. ಮಾವ ಕೂಗಾಡಿದ: "ಮಿಶ್ ಇಲ್ದೆ ಇದೂ ಒಂದು ಬದುಕಾ?"

"ಮೊದ್ಲು ಬದುಕು, ಆಮೇಲೆ ಬೈ," ಎಂದು ಅವಳು ನಿಂಬೆ ಹಿಂಡಿ, ಬೆಳ್ಳುಳ್ಳಿ ಜೀರಿಗೆ ಕುಟ್ಟಿ ಸಾರಿಗೆ ಹಾಕಿದಳು. ಮಾವ ಗೊಣಗುತ್ತಲೇ ಉಂಡ.

ಮರುವಾರ ಪಕ್ಕದ ಮನೆಯ ಫಾಯ್ಕಾ ಮಗಳ ಹೊಸ ಸಂಸಾರಕ್ಕೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಳು. ಅತ್ತೆ ಬಟ್ಟಲನ್ನು ನೋಡಿದಳು, ಗಡಿಗೆಯನ್ನು ನೋಡಿದಳು, ಕರಿ ಶಾಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಇಲ್ಲ ಎಂದು ಅವಳು ಜನ್ಮದಲ್ಲಿ ಯಾರಿಗೂ ಅಂದವಳಲ್ಲ.

"ಫಾಯ್ಕಾ, ನಿನ್ನ ಗಂಡನ ಒತ್ತಡ ನೋಡ್ಸಿದೀಯಾ?"

"ಅವನಿಗೇನಾಗಿದೆ? ಕಲ್ಲುಗುಂಡು!"

"ಇವನೂ ಕಲ್ಲುಗುಂಡೇ ಇದ್ದ. ನಡಿ, ಮೊದ್ಲು ಅವನನ್ನ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗೋಣ. ಬಟ್ಟಲು ಇಲ್ಲೇ ಇರ್ಲಿ."